ಗರ್ಭನಿರೋಧಕ ಮಾತ್ರೆ: ಶುರು ಮಾಡುವಾಗ, ತಡವಾದಾಗ, ಮರೆತಾಗ

ಮದ್ದೂರಿನ ಕಡೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುವ ಹೆಣ್ಣುಮಗಳೊಬ್ಬಳು ಒಂದು ಸೋಮವಾರ ಬೆಳಿಗ್ಗೆ, ನಮ್ಮ ಆರೋಗ್ಯ ಕೇಂದ್ರದ ಬಾಗಿಲು ತೆರೆಯುವ ಮೊದಲೇ ಬಂದು ಜಗಲಿಯಲ್ಲಿ ಕುಳಿತಿದ್ದಳು. ಅರ್ಧ ದಿನ ರಜೆ ಹಾಕಿದ್ದಳು. ಪಕ್ಕದಲ್ಲಿ ಯಾರೂ ಇಲ್ಲವೆಂದು ಎರಡು ಸಲ ನೋಡಿಕೊಂಡು, ಬಸ್ ಪಾಸಿನ ಕವರಿನೊಳಗಿಂದ ಮಾಲಾ-ಎನ್ ಸ್ಟ್ರಿಪ್ ತೆಗೆದು ನನ್ನ ಕೈಗಿಟ್ಟಳು. "ಸಿಸ್ಟರ್, ನಿನ್ನೆ ರಾತ್ರಿ ಎಂಟಕ್ಕೆ ನುಂಗಬೇಕಿದ್ದ ಮಾತ್ರೆಯನ್ನು ಹತ್ತೂವರೆಗೆ ನುಂಗಿದೆ. ಬಸಿರು ನಿಂತುಬಿಟ್ಟರೆ ಏನು ಗತಿ?"

ಸ್ಟ್ರಿಪ್ಪಿನಲ್ಲಿ ನಾಲ್ಕೇ ನಾಲ್ಕು ಕುಳಿಗಳು ಖಾಲಿಯಾಗಿದ್ದವು. ಹಳೆಯದು ಯಾವತ್ತು ಮುಗಿಯಿತು ಎಂದು ಕೇಳಿದೆ. ಹಿಂದಿನ ಭಾನುವಾರವೇ ಮುಗಿದಿತ್ತು. ಸೋಮವಾರ ಹೊಸದನ್ನು ಶುರು ಮಾಡಬೇಕಿತ್ತು. ತಂಗಿಯ ಮಗುವಿನ ನಾಮಕರಣಕ್ಕೆಂದು ನಾಗಮಂಗಲಕ್ಕೆ ಹೋದವಳು ಹೊಸ ಸ್ಟ್ರಿಪ್ ಮನೆಯಲ್ಲೇ ಬಿಟ್ಟು ಹೋಗಿದ್ದಳು, ಹಿಂತಿರುಗಿ ಬಂದು ಗುರುವಾರ ಶುರು ಮಾಡಿದ್ದಳು. ಆಕೆಗೆ ಎರಡೂವರೆ ಗಂಟೆಯ ಚಿಂತೆ. ನನಗೆ ಆ ಮೂರು ದಿನದ ಚಿಂತೆ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಇಷ್ಟು ವರ್ಷಗಳಲ್ಲಿ ಈ ತಲೆಕೆಳಗಾದ ಭಯವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಒಂದೆರಡು ಗಂಟೆ ತಡವಾದರೆ ರಾತ್ರಿಯಿಡೀ ನಿದ್ದೆ ಬರುವುದಿಲ್ಲ. ಹೊಸ ಪ್ಯಾಕೆಟ್ಟನ್ನು ಮೂರು ದಿನ ತಡವಾಗಿ ಶುರು ಮಾಡಿದರೆ ಅದು ತಪ್ಪೆಂದೇ ಅನ್ನಿಸುವುದಿಲ್ಲ. ಮಾತ್ರೆ ಕೊಡುವ ನಾವು ಸರಿಯಾಗಿ ಹೇಳಿಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಸ್ಟ್ರಿಪ್ಪನ್ನು ಓದಲು ಕಲಿಯಿರಿ

ಸರ್ಕಾರ ಉಚಿತವಾಗಿ ಕೊಡುವ ಮಾಲಾ-ಎನ್ ಮತ್ತು ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಮಾಲಾ-ಡಿ ಎರಡರಲ್ಲೂ 28 ಮಾತ್ರೆಗಳಿರುತ್ತವೆ. ಬಿಳಿಯ 21 ಮಾತ್ರೆಗಳಲ್ಲಿ ಹಾರ್ಮೋನು ಇದೆ. ಕಂದು ಬಣ್ಣದ 7 ಮಾತ್ರೆಗಳು ಬರೀ ಕಬ್ಬಿಣದ ಅಂಶ. ರಕ್ತಹೀನತೆಗೆ ಒಳ್ಳೆಯದು, ದಿನಾ ನುಂಗುವ ಅಭ್ಯಾಸ ತಪ್ಪದಿರಲೂ ಒಳ್ಳೆಯದು, ಆದರೆ ಗರ್ಭ ತಡೆಯುವುದಕ್ಕೂ ಅವಕ್ಕೂ ಸಂಬಂಧವಿಲ್ಲ. ಕಂದು ಮಾತ್ರೆ ಮರೆತರೆ ಅದನ್ನು ಬಿಸಾಡಿ, ಮುಂದಿನದಕ್ಕೆ ಹೋಗಿ. ಗಾಬರಿ ಬೇಡ.

ಬಿಳಿ ಮಾತ್ರೆಗಳು ಅಂಡಾಶಯವನ್ನು ಮಲಗಿಸಿಡುತ್ತವೆ, ಹಾಗಾಗಿ ಅಂಡ ಬಿಡುಗಡೆಯಾಗುವುದಿಲ್ಲ. ಗರ್ಭಕೋಶದ ಬಾಯಿಯ ಲೋಳೆಯೂ ಗಟ್ಟಿಯಾಗಿ ವೀರ್ಯಾಣು ಒಳಗೆ ಹೋಗಲು ಬಿಡುವುದಿಲ್ಲ. ಅಂಡಾಶಯವನ್ನು ಹೀಗೆ ಮಲಗಿಸಲು ಸತತ 7 ದಿನದ ಬಿಳಿ ಮಾತ್ರೆ ಬೇಕು. ಕಂದು ಮಾತ್ರೆಯ 7 ದಿನಗಳಲ್ಲಿ ಅದು ಮಗ್ಗುಲು ಬದಲಿಸಲು ಶುರು ಮಾಡುತ್ತದೆ, ಎಂಟನೆಯ ದಿನ ಮತ್ತೆ ಬಿಳಿ ಮಾತ್ರೆ ಸಿಕ್ಕಿದರೆ ಮಲಗುತ್ತದೆ. ಆ ಏಳು ದಿನದ ಬಿಡುವು ಒಂಬತ್ತು, ಹತ್ತು ದಿನವಾದರೆ ಎದ್ದೇ ಕೂರಬಹುದು. ಆದ್ದರಿಂದ ಕಂದು ಮಾತ್ರೆಗಳ ಆಚೀಚೆ ಇರುವ ಬಿಳಿ ಮಾತ್ರೆಗಳನ್ನು, ಅಂದರೆ ಹೊಸ ಪ್ಯಾಕೆಟ್ಟಿನ ಮೊದಲ ವಾರದವನ್ನು ಮತ್ತು ಮೂರನೆಯ ವಾರದ ಕೊನೆಯವನ್ನು ತಪ್ಪಿಸುವುದೇ ಹೆಚ್ಚು ಅಪಾಯ. ಈ ಲೇಖನದ ಉಳಿದದ್ದು ಮರೆತರೂ ಇದೊಂದನ್ನು ನೆನಪಿನಲ್ಲಿಡಿ: ಹಾರ್ಮೋನು ಇಲ್ಲದ ದಿನಗಳು ಏಳನ್ನು ದಾಟಬಾರದು.

ಶುರು ಮಾಡುವ ದಿನ

ಮಾತ್ರೆಗೆ ಕೈ ಹಾಕುವ ಮೊದಲು ಒಮ್ಮೆ ರಕ್ತದೊತ್ತಡ ನೋಡಿಸಿಕೊಳ್ಳಿ. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಈ ಮಾತ್ರೆ ನಿಮಗಲ್ಲ. ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯದ ಕಾಯಿಲೆ ಆದವರು, ಸ್ತನ ಕ್ಯಾನ್ಸರ್ ಇದ್ದವರು, ಯಕೃತ್ತಿನ ಕಾಯಿಲೆ ಇರುವವರು, ಕಣ್ಣ ಮುಂದೆ ಮಿಂಚಿನಂತೆ ಗೆರೆಗಳು ಕಂಡು ಅರೆತಲೆನೋವು ಬರುವವರು, 35 ವರ್ಷ ದಾಟಿ ಬೀಡಿ ಸಿಗರೇಟು ಸೇದುವವರು ಬೇರೆ ವಿಧಾನ ಹುಡುಕಬೇಕು. ಸಕ್ಕರೆ ಕಾಯಿಲೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಈಗ ದಿನದ ಲೆಕ್ಕ. ರಕ್ತಸ್ರಾವ ಕಾಣಿಸಿಕೊಂಡ ದಿನವೇ ಮೊದಲನೆಯ ದಿನ. ಅಲ್ಲಿಂದ ಐದು ದಿನದೊಳಗೆ ಮೊದಲ ಬಿಳಿ ಮಾತ್ರೆ ನುಂಗಿದರೆ ಅಂದಿನಿಂದಲೇ ರಕ್ಷಣೆ, ಬೇರೇನೂ ಬೇಕಿಲ್ಲ. ನಮ್ಮ ಮಂಡ್ಯದ ಹಳ್ಳಿಗಳಲ್ಲಿ ಎಡವುವುದು ಇಲ್ಲೇ. "ಐದನೆಯ ದಿನ ಶುರು ಮಾಡಿ" ಎಂದು ಹೇಳಿ ಕಳುಹಿಸಿದರೆ, ಎಷ್ಟೋ ಜನ ತಲೆಗೆ ನೀರು ಹಾಕಿಕೊಂಡ ದಿನದಿಂದ ಎಣಿಸುತ್ತಾರೆ. ಮೂರು ಅಥವಾ ನಾಲ್ಕನೆಯ ದಿನ ಸ್ನಾನ, ಅಲ್ಲಿಂದ ಐದು ಎಂದರೆ ಏಳೆಂಟು ದಿನ ಆಗಿಹೋಗಿರುತ್ತದೆ. ಮುಟ್ಟು ನಿಂತ ದಿನದಿಂದ ಎಣಿಸುವವರೂ ಇದ್ದಾರೆ. ಹೀಗೆ ತಡವಾಗಿ ಶುರು ಮಾಡುವುದು ಮಹಾಪರಾಧವಲ್ಲ. ಬಸಿರಿಲ್ಲವೆಂಬುದು ಖಚಿತವಿದ್ದರೆ ಯಾವ ದಿನ ಬೇಕಾದರೂ ಶುರು ಮಾಡಬಹುದು. ಆದರೆ ಐದು ದಿನ ದಾಟಿದ್ದರೆ ಮೊದಲ 7 ದಿನ ನಿರೋಧ್ (ಕಾಂಡೋಮ್) ಬಳಸಲೇಬೇಕು, ಇಲ್ಲವೇ ದೂರವಿರಬೇಕು. ಮಾತ್ರೆ ಶುರುವಾಯಿತು, ಇನ್ನು ಭಯವಿಲ್ಲ ಎಂದುಕೊಂಡು ಆ ಏಳು ದಿನಗಳಲ್ಲಿ ಬಸಿರಾದವರನ್ನು ನಾನು ನೋಡಿದ್ದೇನೆ. ಮಾತ್ರೆ ಕೈಕೊಟ್ಟಿತು ಎಂದು ಅವರು ಇಂದಿಗೂ ನಂಬಿದ್ದಾರೆ.

ಹೆರಿಗೆಯಾದವರ ಲೆಕ್ಕ ಬೇರೆ. ಎದೆಹಾಲು ಕುಡಿಸುತ್ತಿದ್ದರೆ ಮಗುವಿಗೆ ಆರು ತಿಂಗಳು ತುಂಬುವವರೆಗೆ ಈ ಮಾತ್ರೆ ಬೇಡ. ಹಾಲು ಕುಡಿಸುತ್ತಿಲ್ಲವಾದರೂ ಹೆರಿಗೆಯಾಗಿ ಮೂರು ವಾರದವರೆಗೆ ಶುರು ಮಾಡಬಾರದು, ರಕ್ತ ಹೆಪ್ಪುಗಟ್ಟುವ ಅಪಾಯ ಆಗ ಜಾಸ್ತಿ. ಗರ್ಭಪಾತವಾದವರು ಅದೇ ದಿನ ಶುರು ಮಾಡಬಹುದು.

ಸಮಯವನ್ನು ಗಡಿಯಾರಕ್ಕೆ ಕಟ್ಟುವುದಕ್ಕಿಂತ ದಿನವೂ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಕಟ್ಟಿ. ರಾತ್ರಿ ಊಟವಾದ ಮೇಲೆ ಒಲೆ ಒರೆಸುತ್ತೀರಲ್ಲ, ಆಗ ಒಂದು ಮಾತ್ರೆ. ಹೊಟ್ಟೆ ತುಂಬಿದ್ದರೆ ಓಕರಿಕೆಯೂ ಕಡಿಮೆ. ಪಾಳಿ ಬದಲಾಗುವ ಕೆಲಸದವರು ಮೊಬೈಲಿನಲ್ಲಿ ಅಲಾರಂ ಇಡಿ. ಮೊದಲ ಎರಡು ಮೂರು ತಿಂಗಳು ನಡುನಡುವೆ ರಕ್ತದ ಕಲೆ ಕಾಣಿಸಬಹುದು. ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಅದರ ಅರ್ಥವಲ್ಲ. "ಉಷ್ಣವಾಯಿತು" ಎಂದು ಅರ್ಧಕ್ಕೆ ನಿಲ್ಲಿಸುವವರೇ ಹೆಚ್ಚು, ಕಷ್ಟಕ್ಕೆ ಸಿಕ್ಕಿಕೊಳ್ಳುವವರೂ ಅವರೇ.

ತಡವಾದರೆ

ರಾತ್ರಿ ಮರೆತು ಬೆಳಿಗ್ಗೆ ನೆನಪಾದರೆ ಬೆಳಿಗ್ಗೆಯೇ ನುಂಗಿ, ರಾತ್ರಿಯದನ್ನು ರಾತ್ರಿ ನುಂಗಿ. ಒಂದು ಇಡೀ ದಿನ ತಪ್ಪಿದ್ದರೂ ಅಷ್ಟೇ. ನೆನಪಾದ ಕೂಡಲೇ ಮರೆತದ್ದು, ಅದರ ಹೊತ್ತಿಗೆ ಇವತ್ತಿನದು. ಒಂದೇ ದಿನ ಎರಡಾದರೂ ಪರವಾಗಿಲ್ಲ, ಸ್ವಲ್ಪ ಓಕರಿಕೆ ಬರಬಹುದು ಅಷ್ಟೇ. ನಿರೋಧ್ ಬೇಕಿಲ್ಲ, ರಕ್ಷಣೆಯಿಲ್ಲದೆ ಕೂಡಿದ ಮೇಲೆ ನುಂಗುವ ತುರ್ತು ಮಾತ್ರೆಯೂ ಬೇಕಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಇದು ಮಾಲಾ-ಎನ್‌ನಂತಹ ಎರಡು ಹಾರ್ಮೋನಿನ ಮಾತ್ರೆಗಳ ಮಾತು. ಒಂದೇ ಹಾರ್ಮೋನಿನ ಮಾತ್ರೆಗಳೂ ಇವೆ, ಹಾಲೂಡಿಸುವ ತಾಯಂದಿರಿಗೆ ಕೆಲವು ವೈದ್ಯರು ಬರೆದುಕೊಡುತ್ತಾರೆ. ಅವುಗಳಲ್ಲಿ ಡೆಸೊಜೆಸ್ಟ್ರೆಲ್ ಇರುವುದಾದರೆ 12 ಗಂಟೆ, ಹಳೆಯ ಬಗೆಯದಾದರೆ ಬರೀ 3 ಗಂಟೆ ತಡವಾದರೂ ಎರಡು ದಿನ ಬೇರೆ ರಕ್ಷಣೆ ಬೇಕು. ನಿಮ್ಮ ಮಾತ್ರೆ ಯಾವುದೆಂದು ಗೊತ್ತಿಲ್ಲದಿದ್ದರೆ ಖಾಲಿ ಸ್ಟ್ರಿಪ್ಪನ್ನೇ ತಂದು ತೋರಿಸಿ.

ಎರಡು ದಿನ ದಾಟಿದರೆ

ಸತತವಾಗಿ ಎರಡು ಅಥವಾ ಹೆಚ್ಚು ಬಿಳಿ ಮಾತ್ರೆ ತಪ್ಪಿದ್ದರೆ, ಅಥವಾ ಹೊಸ ಪ್ಯಾಕೆಟ್ ಎರಡು ದಿನ ಅಥವಾ ಹೆಚ್ಚು ತಡವಾಗಿದ್ದರೆ, ಆಗ ಕುಳಿತು ಲೆಕ್ಕ ಹಾಕಬೇಕು. ಮೂರು ತಪ್ಪುವವರೆಗೆ ಚಿಂತೆಯಿಲ್ಲ ಎಂದು ಹೇಳುವ ಕೈಪಿಡಿಗಳೂ ಇವೆ. ನಾನು ಬಿಗಿಯಾದ ಲೆಕ್ಕವನ್ನೇ ಹೇಳಿಕೊಡುತ್ತೇನೆ. ಏಕೆಂದರೆ ಎರಡು ಮರೆತೆ ಎನ್ನುವವರ ಸ್ಟ್ರಿಪ್ ತೆಗೆದು ನೋಡಿದರೆ ಮೂರು ಉಳಿದಿರುವುದುಂಟು.

ತಪ್ಪಿದವುಗಳಲ್ಲಿ ಕೊನೆಯದೊಂದನ್ನು ಈಗಲೇ ನುಂಗಿ. ಅದಕ್ಕೂ ಹಿಂದಿನವನ್ನು ಬಿಸಾಡಿ, ಒಟ್ಟಿಗೆ ಮೂರು ನಾಲ್ಕು ನುಂಗಿ ಲೆಕ್ಕ ಸರಿ ಮಾಡಲು ಹೋಗಬೇಡಿ. ಇವತ್ತಿನದನ್ನು ಅದರ ಹೊತ್ತಿಗೆ ನುಂಗಿ, ದಿನಕ್ಕೊಂದರಂತೆ ಮುಂದುವರಿಸಿ. ಮುಂದಿನ 7 ದಿನ ನಿರೋಧ್ ಬಳಸಿ. ಇಷ್ಟು ಎಲ್ಲರಿಗೂ ಒಂದೇ. ಉಳಿದದ್ದು ನೀವು ಯಾವ ಸಾಲಿನಲ್ಲಿದ್ದೀರಿ ಎಂಬುದರ ಮೇಲೆ ನಿಂತಿದೆ.

ಮೊದಲ ಸಾಲು, ಅಂದರೆ 1ರಿಂದ 7ನೆಯ ಮಾತ್ರೆ. ಇಲ್ಲಿ ಬಿಡುವು ಹಿಗ್ಗಿರುತ್ತದೆ. ಕಳೆದ ಐದು ದಿನಗಳಲ್ಲಿ ರಕ್ಷಣೆಯಿಲ್ಲದೆ ಕೂಡಿದ್ದರೆ ತುರ್ತು ಮಾತ್ರೆಯ ಬಗ್ಗೆ ಅಂದೇ ಯೋಚಿಸಬೇಕು. ಐದು ದಿನವೇ ಏಕೆಂದರೆ, ವೀರ್ಯಾಣುಗಳು ಹೆಣ್ಣಿನ ದೇಹದೊಳಗೆ ಸುಮಾರು ಅಷ್ಟು ಕಾಲ ಜೀವಂತವಾಗಿ ಕಾಯಬಲ್ಲವು. ಇವತ್ತು ಅಂಡ ಬಿಡುಗಡೆಯಾದರೆ ಮೊನ್ನೆಯ ಮಿಲನವೂ ಲೆಕ್ಕಕ್ಕೆ ಬರುತ್ತದೆ.

ಎರಡನೆಯ ಸಾಲು, 8ರಿಂದ 14. ಹಿಂದಿನ ಏಳನ್ನೂ ಸರಿಯಾಗಿ ನುಂಗಿದ್ದರೆ ಸಾಮಾನ್ಯವಾಗಿ ತುರ್ತು ಮಾತ್ರೆ ಬೇಕಾಗುವುದಿಲ್ಲ. ಏಳು ದಿನದ ನಿರೋಧ್ ಸಾಕು.

ಮೂರನೆಯ ಸಾಲು, 15ರಿಂದ 21. ಇಲ್ಲಿ ತಪ್ಪಿದ ಮೇಲೆ ಕಂದು ಮಾತ್ರೆಗೆ ಹೋದರೆ ಬಿಡುವು ಮುಂಚಿತವಾಗಿಯೇ ಶುರುವಾದಂತೆ. ಆದ್ದರಿಂದ ಉಳಿದ ಬಿಳಿಯವನ್ನು ಮುಗಿಸಿ, ಕಂದು ಮಾತ್ರೆಗಳನ್ನು ಬಿಟ್ಟು, ಮರುದಿನವೇ ಹೊಸ ಪ್ಯಾಕೆಟ್ಟಿನ ಬಿಳಿ ಮಾತ್ರೆ ಶುರು ಮಾಡಿ. ಆ ತಿಂಗಳು ಮುಟ್ಟು ಕಾಣಿಸದಿರಬಹುದು. "ಕೆಟ್ಟ ರಕ್ತ ಒಳಗೇ ಉಳಿಯುತ್ತದೆ" ಎಂದು ಮನೆಯ ಹಿರಿಯರು ಹೆದರಿಸಿದರೆ ಹೆದರಬೇಡಿ, ಒಳಗೆ ಏನೂ ಶೇಖರವಾಗುವುದಿಲ್ಲ.

ನಾಗಮಂಗಲಕ್ಕೆ ಹೋಗಿದ್ದ ಆ ಹೆಣ್ಣುಮಗಳ ಲೆಕ್ಕ ಈಗ ನಿಮಗೇ ಬರುತ್ತದೆ. ಏಳು ಕಂದು, ಅದರ ಮೇಲೆ ಮೂರು ಖಾಲಿ ದಿನ, ಒಟ್ಟು ಹತ್ತು. ಶನಿವಾರ ರಾತ್ರಿ ಗಂಡನೊಂದಿಗಿದ್ದಳು, ಆಗ ಒಳಗೆ ಹೋಗಿದ್ದದ್ದು ಮೂರು ಬಿಳಿ ಮಾತ್ರೆ ಮಾತ್ರ. ತುರ್ತು ಮಾತ್ರೆಯನ್ನು ಅಲ್ಲೇ ನನ್ನೆದುರಿಗೇ ನುಂಗಿಸಿದೆವು. ಮಾಲಾ-ಎನ್ ನಿಲ್ಲಿಸದೆ ಮುಂದುವರಿಸಲು ಹೇಳಿ, ಏಳು ದಿನಕ್ಕೆಂದು ನಿರೋಧ್ ಕೊಟ್ಟೆವು. ಮಾತ್ರೆಯನ್ನು ಮರೆತರೂ ಬೈಯದ ಗಂಡ, ನಿರೋಧ್ ಎಂದರೆ ಮುಖ ಸಿಂಡರಿಸುತ್ತಾನೆ ಎಂದಳು. ಅವನನ್ನೂ ಕರೆಸಿ ಕೂರಿಸಿ ಹೇಳಿದೆವು. ಏಳು ದಿನದ ಮಟ್ಟಿಗೆ ಈ ಜವಾಬ್ದಾರಿ ಗಂಡನದು, ಅದನ್ನು ಅವನಿಗೆ ನೇರವಾಗಿ ಹೇಳಬೇಕು.

ತುರ್ತು ಮಾತ್ರೆ

ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂನ ಒಂದೇ ಮಾತ್ರೆ. ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಆಶಾ ಕಾರ್ಯಕರ್ತೆಯರ ಬಳಿಯೂ ಕೇಳಬಹುದು. 72 ಗಂಟೆಯೊಳಗೆ ಎಂದು ಬರೆದಿರುತ್ತದೆ, ಆದರೆ ಮೂರನೆಯ ದಿನದವರೆಗೆ ಕಾಯಬೇಡಿ. ಬೇಗ ನುಂಗಿದಷ್ಟೂ ಪ್ರಯೋಜನ ಹೆಚ್ಚು. ಅದು ಅಂಡ ಹೊರಬರುವುದನ್ನು ಮುಂದಕ್ಕೆ ತಳ್ಳುತ್ತದೆ. ಗರ್ಭ ಆಗಲೇ ನಿಂತಿದ್ದರೆ ತೆಗೆಯುವುದಿಲ್ಲ. ನುಂಗಿ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬೇಕು. ದಿನದ ಮಾತ್ರೆಯನ್ನು ಅಂದೇ ಅಥವಾ ಮರುದಿನ ಮುಂದುವರಿಸಿ, ಏಳು ದಿನ ನಿರೋಧ್ ಬಳಸಿ.

ಇದಕ್ಕಿಂತ ಭದ್ರವಾದ ದಾರಿ ಕಾಪರ್-ಟಿ, ನಮ್ಮ ಕಡೆ ವಂಕಿ ಎನ್ನುತ್ತೇವಲ್ಲ ಅದು. ಐದು ದಿನದೊಳಗೆ ಹಾಕಿಸಿಕೊಂಡರೆ ತುರ್ತು ಮಾತ್ರೆಗಿಂತ ಬಹಳ ಹೆಚ್ಚು ಖಚಿತ, ಮುಂದಕ್ಕೂ ವರ್ಷಗಟ್ಟಲೆ ಕೆಲಸಕ್ಕೆ ಬರುತ್ತದೆ. ಪದೇ ಪದೇ ಮಾತ್ರೆ ಮರೆಯುವವರಿಗೆ ನಾನು ಅದನ್ನೇ ಹೇಳುವುದು. ಮೈಸೂರಿನವರು ಚೆಲುವಾಂಬ ಆಸ್ಪತ್ರೆಯಲ್ಲಿ, ಮಂಡ್ಯದವರು ಮಿಮ್ಸ್ ಆಸ್ಪತ್ರೆಯಲ್ಲಿ ಕೇಳಿ.

ಆಷಾಢದ ತೊಡಕು

ಹೊಸದಾಗಿ ಮದುವೆಯಾದ ಹುಡುಗಿಯರು ಆಷಾಢಕ್ಕೆ ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ಗಂಡ ಜೊತೆಯಲ್ಲಿಲ್ಲ, ಮಾತ್ರೆ ಏಕೆ ಎಂದು ನಿಲ್ಲಿಸುತ್ತಾರೆ. ತವರಿನಲ್ಲಿ ಅಮ್ಮನ ಕಣ್ಣಿಗೆ ಬಿದ್ದರೆ ಎಂಬ ಸಂಕೋಚ ಬೇರೆ. ಶ್ರಾವಣದಲ್ಲಿ ಹಿಂತಿರುಗಿದ ರಾತ್ರಿಯೇ ಅರ್ಧಕ್ಕೆ ಬಿಟ್ಟ ಸ್ಟ್ರಿಪ್ಪನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಮೊದಲೇ ತಿಂಗಳು ಮಾತ್ರೆ ನುಂಗಿದ್ದೆನಲ್ಲ, ಮೈಯಲ್ಲಿ ಉಳಿದಿರುತ್ತದೆ ಎಂಬುದು ಅವರ ನಂಬಿಕೆ. ಏನೂ ಉಳಿದಿರುವುದಿಲ್ಲ. ಮಾತ್ರೆ ಬಿಟ್ಟ ಕೆಲವೇ ವಾರಗಳಲ್ಲಿ ಅಂಡ ಬಿಡುಗಡೆ ಮತ್ತೆ ಶುರುವಾಗುತ್ತದೆ. ಬಂಜೆತನ ಬರುತ್ತದೆ ಎಂದು ಮಾತ್ರೆಗೆ ಹೆದರುವವರಿಗೂ ಇದೇ ಉತ್ತರ.

ನನ್ನ ಸಲಹೆ, ಸ್ಟ್ರಿಪ್ಪನ್ನು ತವರಿಗೂ ತೆಗೆದುಕೊಂಡು ಹೋಗಿ, ನಿಲ್ಲಿಸಬೇಡಿ. ತಿಂಗಳುಗಟ್ಟಲೆ ಬಿಟ್ಟು ಹಿಡಿದು ಮಾಡಿದರೆ, ಮಾತ್ರೆಯ ಮೊದಲ ತಿಂಗಳುಗಳಲ್ಲಿ ಹೆಚ್ಚಿರುವ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಪ್ರತಿ ಸಲವೂ ಹೊಸದಾಗಿ ಎದುರಿಸಿದಂತೆ. ನಿಲ್ಲಿಸಿಯೇ ಬಿಟ್ಟಿದ್ದರೆ, ತವರಿನಲ್ಲಿ ಮುಟ್ಟಾದ ಐದು ದಿನದೊಳಗೆ ಹೊಸ ಪ್ಯಾಕೆಟ್ ಶುರು ಮಾಡಿ, ಗಂಡನ ಮನೆಗೆ ಹೊರಡುವಾಗ ಕನಿಷ್ಠ 7 ಬಿಳಿ ಮಾತ್ರೆ ಒಳಗೆ ಹೋಗಿರಲಿ. ಅದೂ ಆಗದಿದ್ದರೆ ಬಂದ ಮೇಲೆ ಏಳು ದಿನ ನಿರೋಧ್. ಕಾಲಿನ ಮೀನಖಂಡದಲ್ಲಿ ನೋವು ಊತ, ಎದೆನೋವು, ಏದುಸಿರು, ಹಿಂದೆಂದೂ ಬಾರದಂತಹ ತಲೆನೋವು, ಕಣ್ಣು ಮಂಜಾಗುವುದು ಇವುಗಳಲ್ಲಿ ಯಾವುದೇ ಕಂಡರೂ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.

ವರಮಹಾಲಕ್ಷ್ಮಿ ವ್ರತಕ್ಕೆ, ದಸರಾಕ್ಕೆ ಮುಟ್ಟು ಮುಂದೂಡಲು ಅಂಗಡಿಯಲ್ಲಿ ಕೊಡುವ ಮಾತ್ರೆ ಬೇರೆಯದೇ. ಅದು ಗರ್ಭನಿರೋಧಕವಲ್ಲ. ಅದನ್ನು ನುಂಗುತ್ತಿದ್ದೇನೆ ಎಂದು ಧೈರ್ಯವಾಗಿರಬೇಡಿ.

ವಾಂತಿ, ಭೇದಿ, ಬೇರೆ ಔಷಧಿ

ಮಾತ್ರೆ ನುಂಗಿ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಿ. ಜೋರಾದ ವಾಂತಿ ಭೇದಿ ಎರಡು ದಿನ ಮೀರಿದರೆ, ನುಂಗಿದ್ದರೂ ನುಂಗದಂತೆಯೇ ಲೆಕ್ಕ ಹಿಡಿದು ಮೇಲಿನ ಕ್ರಮ ಅನುಸರಿಸಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್ ಈ ಮಾತ್ರೆಯ ಬಲವನ್ನೇ ಕುಂದಿಸುತ್ತವೆ. ಅವನ್ನು ತೆಗೆದುಕೊಳ್ಳುವವರು ಬೇರೆ ವಿಧಾನಕ್ಕೆ ಹೋಗಬೇಕು. ಶೀತ ಜ್ವರಕ್ಕೆ ಬರೆದುಕೊಡುವ ಅಮಾಕ್ಸಿಸಿಲಿನ್‌ನಂತಹ ಸಾಮಾನ್ಯ ಆಂಟಿಬಯೋಟಿಕ್‌ಗಳಿಂದ ತೊಂದರೆಯಿಲ್ಲ.

ಛಾಯಾ ನುಂಗುವವರಿಗೆ

2017ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುತ್ತಿರುವ ಛಾಯಾ ಮಾತ್ರೆಯಲ್ಲಿ ಹಾರ್ಮೋನಿಲ್ಲ, ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದ ಔಷಧಿ ಅದು. ಹಾಲೂಡಿಸುವವರೂ ನುಂಗಬಹುದು. ಮುಟ್ಟಿನ ಮೊದಲ ದಿನ ಶುರು ಮಾಡಿ, ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೊಂದು. ಇಲ್ಲಿ ಮರೆವಿನ ಲೆಕ್ಕ ಬೇರೆ. ನೆನಪಾದ ಕೂಡಲೇ ನುಂಗಿ, ಏಳು ದಿನಕ್ಕಿಂತ ಕಡಿಮೆ ತಡವಾಗಿದ್ದರೆ ಹಳೆಯ ದಿನಗಳಲ್ಲೇ ಮುಂದುವರಿಸಿ, ಮುಂದಿನ ಮುಟ್ಟು ಬರುವವರೆಗೆ ನಿರೋಧ್ ಬಳಸಿ. ಏಳು ದಿನ ಮೀರಿದರೆ ಹೊಸಬರಂತೆ ವಾರಕ್ಕೆರಡರ ಲೆಕ್ಕದಿಂದ ಮತ್ತೆ ಶುರು.

ಮುಟ್ಟು ಬರದಿದ್ದರೆ

ಒಂದೂ ತಪ್ಪದೆ ಮಾತ್ರೆ ನುಂಗಿದರೆ ವರ್ಷಕ್ಕೆ ನೂರು ಹೆಂಗಸರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಅಪರೂಪ. ನಾವು ನೀವು ನುಂಗುವಂತೆ ಮರೆಯುತ್ತಾ, ತಡಮಾಡುತ್ತಾ ನುಂಗಿದರೆ ನೂರರಲ್ಲಿ ಸುಮಾರು ಏಳು ಮಂದಿಗೆ ನಿಲ್ಲುತ್ತದೆ. ಆದ್ದರಿಂದ ಬಿಳಿ ಮಾತ್ರೆಗಳನ್ನು ಎಲ್ಲವೂ ಸರಿಯಾಗಿ ನುಂಗಿ ಒಂದು ತಿಂಗಳು ಮುಟ್ಟು ಕಾಣದಿದ್ದರೆ ಮುಂದಿನ ಪ್ಯಾಕೆಟ್ ಶುರು ಮಾಡಿ, ಎರಡು ತಿಂಗಳು ಕಾಣದಿದ್ದರೆ ಗರ್ಭ ಪರೀಕ್ಷೆ ಮಾಡಿಕೊಳ್ಳಿ. ನಡುವೆ ಮಾತ್ರೆ ತಪ್ಪಿದ್ದು, ಕಂದು ಮಾತ್ರೆಯ ವಾರದಲ್ಲಿ ಮುಟ್ಟು ಬರದಿದ್ದರೆ ಕಾಯುವುದೇ ಬೇಡ, ಆ ವಾರವೇ ಪರೀಕ್ಷಿಸಿ.

ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರ ಒಳ್ಳೆಯದು. ಗರ್ಭ ಪರೀಕ್ಷೆಯ ನಿಶ್ಚಯ್ ಕಿಟ್ ಆಶಾ ಕಾರ್ಯಕರ್ತೆಯ ಬಳಿ ಉಚಿತವಾಗಿ ಸಿಗುತ್ತದೆ. ರಕ್ಷಣೆಯಿಲ್ಲದೆ ಕೂಡಿ ಮೂರು ವಾರವಾಗುವ ಮೊದಲು ಮಾಡಿದ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ, ಮೂರು ವಾರ ತುಂಬಿದ ಮೇಲೆ ಮತ್ತೊಮ್ಮೆ ಮಾಡಿ.

ಎರಡು ಗೆರೆ ಬಂದರೆ ಗರ್ಭನಿರೋಧಕ ಮಾತ್ರೆ ನಿಲ್ಲಿಸಿ, ವೈದ್ಯರನ್ನು ಕಾಣಿ. ಅರಿಯದೆ ನುಂಗಿದ ಮಾತ್ರೆಗಳಿಂದ ಮಗುವಿಗೆ ಅಂಗವೈಕಲ್ಯ ಬರುತ್ತದೆ ಎಂಬುದು ನಿಜವಲ್ಲ, ಆ ಒಂದೇ ಭಯಕ್ಕೆ ಬೇಕಾದ ಮಗುವನ್ನು ಕಳೆದುಕೊಳ್ಳಬೇಡಿ. ಮಗು ಬೇಡವೆಂದಾದರೆ ಅಂಗಡಿಯಲ್ಲಿ ಕದ್ದುಮುಚ್ಚಿ ಕೊಡುವ ಗರ್ಭಪಾತದ ಮಾತ್ರೆಗೆ ಹೋಗಬೇಡಿ, ವಿಪರೀತ ರಕ್ತಸ್ರಾವದಿಂದ ಆಟೋದಲ್ಲಿ ಹೊತ್ತು ತಂದವರನ್ನು ನಾನು ಸಾಕಷ್ಟು ನೋಡಿದ್ದೇನೆ. 2021ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಗರ್ಭನಿರೋಧಕ ವಿಫಲವಾಗಿ ನಿಂತ ಗರ್ಭವನ್ನು 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ತೆಗೆಸಬಹುದು. ಮದುವೆಯಾಗಿದೆಯೋ ಇಲ್ಲವೋ ಎಂಬುದು ಅಡ್ಡಿಯಲ್ಲ. ನಿಮ್ಮ ಹೆಸರನ್ನು ಅವರು ಗುಟ್ಟಾಗಿಡಬೇಕು. ವಯಸ್ಕ ಹೆಣ್ಣಿಗೆ ಗಂಡನ ಸಹಿ ಬೇಕಿಲ್ಲ.

ಮೂರು ವಾರ ತುಂಬಿದ ಮೇಲೂ ಒಂದೇ ಗೆರೆ ಬಂದರೆ ಗರ್ಭವಿಲ್ಲ. ನಡುವೆ ಮಾತ್ರೆ ನಿಲ್ಲಿಸಿದ್ದರೆ ಹೊಸ ಪ್ಯಾಕೆಟ್ಟಿನ ಮೊದಲ ಬಿಳಿ ಮಾತ್ರೆಯನ್ನು ಅಂದು ರಾತ್ರಿಯೇ ನುಂಗಿ, ಏಳು ದಿನಕ್ಕಾಗುವಷ್ಟು ನಿರೋಧ್ ಮನೆಯಲ್ಲಿಟ್ಟುಕೊಳ್ಳಿ.